ಹೇಳದೆ ಕೇಳದೆ ಕೆಡುವ ಮಷೀನು ಕಡಿಮೆ

ಸಕ್ಕರೆ ಕಾರ್ಖಾನೆಯಲ್ಲಿ ಜನವರಿ ಅಂದ್ರೆ ಸೀಸನ್ನಿನ ನಟ್ಟನಡುವೆ. ಗೇಟಿನ ಹೊರಗೆ ಕಬ್ಬು ಹೇರಿದ ಟ್ರಾಕ್ಟರುಗಳ ಸಾಲು, ಒಳಗೆ ಹಗಲು ರಾತ್ರಿ ನಿಲ್ಲದೆ ಅರೆಯುವ ಮಿಲ್ಲು. ಬಾಗಲಕೋಟೆ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದಾಗ ಅಂಥ ಒಂದು ರಾತ್ರಿ ಎರಡೂವರೆಗೆ ಬಾಯ್ಲರಿನ ಐಡಿ ಫ್ಯಾನ್ ನಿಂತುಹೋಯಿತು. ಬಾಯ್ಲರಿನ ಹೊಗೆಯನ್ನು ಎಳೆದು ಚಿಮಣಿಗೆ ದಬ್ಬುವ ದೊಡ್ಡ ಫ್ಯಾನ್ ಅದು. ಅದು ನಿಂತರೆ ಒಲೆ ಉಸಿರಾಡುವುದಿಲ್ಲ, ಒಲೆ ಉರಿಯದಿದ್ದರೆ ಉಗಿ ಇಲ್ಲ, ಉಗಿ ಇಲ್ಲದಿದ್ದರೆ ಟರ್ಬೈನ್ ಇಲ್ಲ, ಟರ್ಬೈನ್ ಇಲ್ಲದಿದ್ದರೆ ಮಿಲ್ಲೂ ಇಲ್ಲ, ಕರೆಂಟೂ ಇಲ್ಲ. ಹೊರಗೆ ನಿಂತ ಕಬ್ಬು ಮಾತ್ರ ಸುಮ್ನೆ ಒಣಗುತ್ತಿರುತ್ತದೆ. ಕಾದಷ್ಟೂ ರೈತನಿಗೆ ತೂಕ ನಷ್ಟ, ಕಾರ್ಖಾನೆಗೆ ಸಕ್ಕರೆ ನಷ್ಟ.

ಕೆಟ್ಟಿದ್ದು ಬೇರಿಂಗ್, ಅಂದರೆ ಫ್ಯಾನಿನ ಶಾಫ್ಟನ್ನು (ಅಚ್ಚನ್ನು) ಹೊತ್ತು ಸಲೀಸಾಗಿ ತಿರುಗಲು ಬಿಡುವ ಭಾಗ. ಹೊಸ ಬೇರಿಂಗ್ ಸ್ಟೋರಿನಲ್ಲೇ ಇತ್ತು. ಬೇರಿಂಗ್ ಬದಲಿಸುವುದಷ್ಟೇ ಆಗಿದ್ದರೆ ಬೆಳಗಾಗುವಷ್ಟರಲ್ಲಿ ಮುಗಿಯುತ್ತಿತ್ತು. ಆದರೆ ಹಳೆಯದು ಸೀಜ್ ಆಗಿ, ಅಂದರೆ ಬಿಗಿದು ಹಿಡಿದುಕೊಂಡು, ಶಾಫ್ಟಿನ ಮೇಲೆಯೇ ತಿರುಗಿ, ಶಾಫ್ಟನ್ನೇ ತಿಂದುಹಾಕಿತ್ತು. ಶಾಫ್ಟ್ ಹೊರಗೆ ತೆಗೆದು, ವೆಲ್ಡ್ ತುಂಬಿ, ಲೇತಿನಲ್ಲಿ ತಿರುವಿ, ಮತ್ತೆ ಕೂರಿಸುವಷ್ಟರಲ್ಲಿ ಎರಡು ದಿನ ಹೋದವು. ಒಂದು ಬಿಡಿಭಾಗ ಹಾಳಾಗುವುದು ದೊಡ್ಡ ಖರ್ಚಲ್ಲ. ಅದು ಹಾಳಾಗುತ್ತಾ ಪಕ್ಕದವರನ್ನೂ ಕರೆದುಕೊಂಡು ಹೋಗುತ್ತದಲ್ಲ, ಅದು ದೊಡ್ಡದು.

ನನಗೆ ಇವತ್ತಿಗೂ ಚುಚ್ಚುವ ವಿಷಯ ಬೇರೆ ಇದೆ. ನಮ್ಮ ಹಿರಿಯ ಫಿಟ್ಟರ್ ಒಬ್ಬರಿದ್ದರು, ಎಲ್ಲರೂ ಕಾಕಾ ಅನ್ನುತ್ತಿದ್ದೆವು. ನಾಲ್ಕು ದಿನ ಮೊದಲೇ ಅವರು ಹೇಳಿದ್ದರು, "ಸಾಹೇಬ್ರ, ಆ ಫ್ಯಾನಿನ ಕಡೀ ಬೇರಿಂಗ್ ಬ್ಯಾರೆ ನಮೂನಿ ಅನ್ನಾಕತ್ತೈತಿ, ಒಮ್ಮಿ ನೋಡ್ರಿ." ನಾನು ಹೋಗಿ ಕೈ ಇಟ್ಟು ನೋಡಿದೆ. ಬಿಸಿ ಇರಲಿಲ್ಲ. "ಭಾನುವಾರದವರೆಗೆ ಓಡಲಿ ಕಾಕಾ" ಅಂದೆ. ಅದು ಶನಿವಾರ ನಿಂತಿತು.

ಕಾಕಾ ಮಾಡಿದ್ದು ಇಷ್ಟೇ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಬೇರಿಂಗ್ ಮನೆಯ (ಬೇರಿಂಗ್ ಕೂರುವ ಲೋಹದ ಕವಚದ) ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡಿದ್ದರು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುವುದಿಲ್ಲವಾ, ಬಿರುಕಿದ್ದರೆ ಕಣ್ಣಿಗೆ ಕಾಣದಿದ್ದರೂ ಸದ್ದು ಬೇರೆ ಬರುತ್ತದೆ, ಇದೂ ಅದೇ. ವೈಬ್ರೇಷನ್ ಮಾನಿಟರಿಂಗ್, ಅಂದರೆ ಮಷೀನಿನ ಅದುರು ಅಳೆದು ನೋಡುವುದು, ಅಂತ ಇವತ್ತು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವುದು ಕಾಕಾನ ಆ ಕಿವಿಯನ್ನೇ. ವ್ಯತ್ಯಾಸ ಎರಡು: ಸೆನ್ಸರಿಗೆ ಕಿವಿಗೆ ಕೇಳದ್ದೂ ಕೇಳುತ್ತದೆ, ಮತ್ತೆ ಕಳೆದ ತಿಂಗಳು ಏನು ಕೇಳಿತ್ತು ಅನ್ನುವುದು ಅದರ ಹತ್ತಿರ ಅಂಕಿಯಲ್ಲಿ ಉಳಿದಿರುತ್ತದೆ.

ಸರಿ, ತಿರುಗುವ ಮಷೀನು ಅದುರುವುದೇಕೆ? ಯಾವ ಮಷೀನೂ ಅದುರದೆ ಇರುವುದಿಲ್ಲ. ಹೊಸದೂ ಸ್ವಲ್ಪ ಅದುರುತ್ತದೆ. ನಮ್ಮ ಫ್ಯಾನನ್ನೇ ತಗೊಳ್ಳಿ. ನಿಮಿಷಕ್ಕೆ 990 ಸುತ್ತು, ಅಂದರೆ ಸೆಕೆಂಡಿಗೆ 16.5 ಸುತ್ತು. ಕಬ್ಬಿನ ಸಿಪ್ಪೆ ಸುಟ್ಟ ಬೂದಿ ಅದರ ರೆಕ್ಕೆಗಳಿಗೆ ಮೆತ್ತಿಕೊಳ್ಳುತ್ತಾ ಹೋಗುತ್ತದೆ. ಎಲ್ಲ ರೆಕ್ಕೆಗೂ ಸಮನಾಗಿ ಮೆತ್ತಿದರೆ ತೊಂದರೆಯಿಲ್ಲ. ಆದರೆ ಒಂದು ದಿನ ಒಂದು ರೆಕ್ಕೆಯಿಂದ 100 ಗ್ರಾಂ ಹಕ್ಕಳೆ ಕಳಚಿ ಬೀಳುತ್ತದೆ. ಮಧ್ಯದಿಂದ ಮುಕ್ಕಾಲು ಮೀಟರ್ ದೂರದಲ್ಲಿ ಆ 100 ಗ್ರಾಂ ಹೆಚ್ಚುಕಡಿಮೆಯಾದರೆ ಬೇರಿಂಗಿನ ಮೇಲೆ ಬೀಳುವ ಎಳೆತ ಎಷ್ಟು ಗೊತ್ತಾ? ಲೆಕ್ಕ ಹಾಕಿದರೆ ಸುಮಾರು 800 ನ್ಯೂಟನ್, ಅಂದರೆ 80 ಕೆಜಿ ಚೀಲ ತೂಗಿದ ಹಾಗೆ. ಆ ಚೀಲವೂ ಒಂದು ಕಡೆ ನಿಲ್ಲುವುದಿಲ್ಲ, ಸೆಕೆಂಡಿಗೆ ಹದಿನಾರು ಸಲ ಸುತ್ತಲೂ ತಿರುಗುತ್ತಾ ಎಳೆಯುತ್ತದೆ. ವೇಗ ಎರಡು ಪಟ್ಟಾದರೆ ಈ ಎಳೆತ ನಾಲ್ಕು ಪಟ್ಟು.

ಇದು ಬ್ಯಾಲೆನ್ಸ್ ಹೋಗಿರುವ ಕಥೆ. ಇದರ ಗುರುತು ಅಂದರೆ ಅದುರುವಿಕೆ ಸುತ್ತಿಗೊಂದು ಸಲ ಬರುತ್ತದೆ, 16.5 ಸುತ್ತಿಗೆ 16.5 ಹರ್ಟ್ಜ್. ಸೆಕೆಂಡಿಗೆ ಎಷ್ಟು ಸಲ ಅನ್ನುವುದೇ ಹರ್ಟ್ಜ್. ಮೋಟಾರಿನ ಶಾಫ್ಟು ಫ್ಯಾನಿನ ಶಾಫ್ಟು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ, ಅಂದರೆ ಅಲೈನ್‌ಮೆಂಟ್ ತಪ್ಪಿದ್ದರೆ, ಸಾಮಾನ್ಯವಾಗಿ ಸುತ್ತಿಗೆ ಎರಡು ಸಲದ ಅದುರು ಎದ್ದು ಕಾಣುತ್ತದೆ, ಶಾಫ್ಟಿನ ಉದ್ದಕ್ಕೂ ಹಿಂದೆಮುಂದೆ ಅದುರುತ್ತದೆ. ಫೌಂಡೇಶನ್ ಬೋಲ್ಟ್ ಸಡಿಲವಾಗಿದ್ದರೆ ಒಂದು, ಎರಡು, ಮೂರು, ನಾಲ್ಕು ಅಂತ ಸಾಲಾಗಿ ಹಲ್ಲು ಕಿರಿದ ಹಾಗೆ ಬರುತ್ತದೆ. ಪ್ರತಿ ರೋಗಕ್ಕೂ ತನ್ನದೇ ತಾಳ.

ಎಲ್ಲ ತಾಳವೂ ಒಟ್ಟಿಗೆ ಬಂದರೆ ಬಿಡಿಸುವುದು ಹೇಗೆ ಅಂತ ಕೇಳಬಹುದು. ಮದುವೆ ಮನೆಯಲ್ಲಿ ವಾಲಗದವರು ನುಡಿಸುವಾಗ ನಾಗಸ್ವರ, ಡೋಲು, ತಾಳ ಎಲ್ಲ ಒಂದೇ ಗಾಳಿಯಲ್ಲಿ ಬೆರೆತು ಬರುತ್ತವೆ. ಆದರೂ ನಿಮ್ಮ ಕಿವಿ ಬೇರೆ ಬೇರೆ ಮಾಡಿಕೊಳ್ಳುತ್ತದೆ, ಅಲ್ವಾ? ಅದನ್ನೇ ಗಣಿತದಲ್ಲಿ ಮಾಡುವುದಕ್ಕೆ ಫೂರಿಯೇ ವಿಶ್ಲೇಷಣೆ ಅನ್ನುತ್ತಾರೆ. ಫ್ರಾನ್ಸಿನ ಫೂರಿಯೇ ಉಷ್ಣದ ಮೇಲೆ 1822ರಲ್ಲಿ ಬರೆದ ಪುಸ್ತಕದಿಂದ ಬಂದ ವಿದ್ಯೆ ಅದು. ಕೈಯಲ್ಲಿ ಮಾಡಲಿಕ್ಕೆ ಕೂತರೆ ಸಂಜೆಯಾಗುತ್ತದೆ. 1965ರಲ್ಲಿ ಕೂಲಿ ಮತ್ತು ಟುಕಿ ಅನ್ನುವ ಇಬ್ಬರು ಅಮೆರಿಕದವರು ಅದನ್ನು ಕಂಪ್ಯೂಟರಿನಲ್ಲಿ ಬೇಗ ಮಾಡುವ ದಾರಿ ಪ್ರಕಟಿಸಿದರು. ಎಫ್‌ಎಫ್‌ಟಿ ಅಂತ ಮಷೀನ್ ಶಾಪಿನಲ್ಲಿ ನೀವು ಕೇಳಿರುವುದು ಅದನ್ನೇ. ಈಗ ಅಂಗೈಯಗಲದ ಮೀಟರಿನಲ್ಲಿ ಒಂದು ಚಿಟಿಕೆ ಹೊಡೆಯುವಷ್ಟರಲ್ಲಿ ಆಗಿಹೋಗುತ್ತದೆ.

ಬೇರಿಂಗಿನ ವಿಷಯ ಇನ್ನೂ ಸ್ವಾರಸ್ಯ. ಸಣ್ಣ ಮೋಟಾರು, ಪಂಪುಗಳಲ್ಲಿ ಎಲ್ಲೆಲ್ಲೂ ಸಿಗುವ 6205 ಬೇರಿಂಗ್ ತಗೊಳ್ಳಿ. ಒಳಗೆ 9 ಗುಂಡು. ಹೊರಗಿನ ಬಳೆಯಲ್ಲಿ ಒಂದು ಸಣ್ಣ ಗುಳಿ ಬಿದ್ದಿದೆ ಅಂತಿಟ್ಟುಕೊಳ್ಳಿ. ಪ್ರತಿ ಗುಂಡು ಆ ಗುಳಿಯ ಮೇಲೆ ಹಾಯುವಾಗ ಒಂದು ಟಕ್. ಗುಂಡುಗಳು ಶಾಫ್ಟಿನಷ್ಟು ಬೇಗ ಓಡುವುದಿಲ್ಲ, ಅದರ ಅರ್ಧಕ್ಕಿಂತ ಸ್ವಲ್ಪ ನಿಧಾನ. ಹಾಗಾಗಿ ಶಾಫ್ಟ್ ಒಂದು ಸುತ್ತು ಬಂದಾಗ 9 ಟಕ್ ಬರುವುದಿಲ್ಲ, 3.58 ಬರುತ್ತದೆ. ಗುಳಿ ಒಳಗಿನ ಬಳೆಯಲ್ಲಿದ್ದರೆ 5.42. ಎರಡನ್ನೂ ಕೂಡಿಸಿ ನೋಡಿ, ಸರಿಯಾಗಿ 9, ಗುಂಡುಗಳ ಲೆಕ್ಕ. ಮೋಟಾರು 1440 ಆರ್‌ಪಿಎಂ (ನಿಮಿಷಕ್ಕೆ 1440 ಸುತ್ತು) ಇದ್ದರೆ ಸೆಕೆಂಡಿಗೆ 24 ಸುತ್ತು, ಅಂದರೆ ಹೊರಬಳೆಯ ಗುಳಿಗೆ ಸುಮಾರು 86 ಹರ್ಟ್ಜ್, ಒಳಬಳೆಗೆ 130. ಮೋಟಾರು ಬಿಚ್ಚದೆ, ಮುಚ್ಚಳ ತೆಗೆಯದೆ, ಯಾವ ಬಳೆ ಕೆಟ್ಟಿದೆ ಅಂತ ಹೇಳಬಹುದು. ಮೊದಲ ಸಲ ಇದನ್ನು ನೋಡಿದಾಗ ನನಗೆ ಕಣಿ ಹೇಳಿದ ಹಾಗೆ ಅನ್ನಿಸಿತ್ತು. ಬೇರಿಂಗ್ ಬಿಚ್ಚಿದೆವು, ಹೊರಬಳೆಯಲ್ಲಿ ಉಗುರಿನ ತುದಿಯಷ್ಟು ಸಿಪ್ಪೆ ಎದ್ದಿತ್ತು.

ಇನ್ನೊಂದು ತೊಡಕು ಇದೆ. ಆ ಟಕ್ ಬಹಳ ಸಣ್ಣದು. ಫ್ಯಾನಿನ ಒಟ್ಟು ಅದುರಿನ ಮುಂದೆ ಅದು ಜಾತ್ರೆಯಲ್ಲಿ ಪಿಸುಮಾತು. ಅದಕ್ಕೆ ಒಂದು ಉಪಾಯ. ಪ್ರತಿ ಟಕ್ಕಿಗೂ ಬೇರಿಂಗಿನ ಲೋಹ ಗಂಟೆ ಬಡಿದ ಹಾಗೆ ತನ್ನದೇ ಎತ್ತರದ ಸ್ವರದಲ್ಲಿ ಝೇಂಕರಿಸುತ್ತದೆ, ಸಾವಿರಾರು ಹರ್ಟ್ಜ್‌ನಲ್ಲಿ. ಅಲ್ಲಿ ಫ್ಯಾನಿನ ಗದ್ದಲ ಇರುವುದಿಲ್ಲ. ಗುಡಿಯ ಗಂಟೆಯ ನಾದ ಗಂಟೆಯದ್ದು, ಆದರೆ ನಿಮಿಷಕ್ಕೆ ಎಷ್ಟು ಸಲ ಬಡಿಯಿತು ಅನ್ನುವುದು ಬಡಿದವನದ್ದು. ಹಾಗೆ ಆ ಎತ್ತರದ ನಾದವನ್ನು ಹಿಡಿದು, ಅದು ಎಷ್ಟು ಸಲ ಏರಿಳಿಯಿತು ಅಂತ ಎಣಿಸುತ್ತಾರೆ. ಇದಕ್ಕೆ ಎನ್ವಲಪ್ ಅನಾಲಿಸಿಸ್ ಅಂತ ಹೆಸರು. ಮೀಟರ್ ಕೊಳ್ಳುವಾಗ ಇದು ಇದೆಯೋ ಇಲ್ಲವೋ ಕೇಳಿ. ಬರೀ ಒಂದು ಅಂಕಿ ತೋರಿಸುವ ಪೆನ್ನಿನಂಥ ಮೀಟರ್‌ಗಳಲ್ಲಿ ಹೆಚ್ಚಿನವಕ್ಕೆ ಇದು ಬರುವುದಿಲ್ಲ.

ಆ ಒಂದು ಅಂಕಿಯ ಬಗ್ಗೆ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಜಾಸ್ತಿ ಜನ ಎಡವುವುದು ಇಲ್ಲೇ. ಅದುರನ್ನು ಮೂರು ಬಗೆಯಲ್ಲಿ ಅಳೆಯಬಹುದು: ಎಷ್ಟು ದೂರ ಅಲುಗಿತು, ಎಷ್ಟು ವೇಗವಾಗಿ ಅಲುಗಿತು, ಆ ವೇಗ ಎಷ್ಟು ರಭಸದಲ್ಲಿ ಬದಲಾಯಿತು. ಜೋಕಾಲಿ ಮಾರುದ್ದ ಹೋಗಿಬರುತ್ತದೆ, ನಿಧಾನ. ಸೊಳ್ಳೆಯ ರೆಕ್ಕೆ ಕೂದಲೆಳೆಯಷ್ಟೇ ಆಡುತ್ತದೆ, ಆದರೆ ಕಿವಿಯ ಹತ್ತಿರ ಗುಂಯ್ ಅನ್ನುತ್ತದೆ. ನಿಧಾನದ ಮಷೀನಿಗೆ ದೂರ, ಸಾಮಾನ್ಯ ಫ್ಯಾನು ಪಂಪಿಗೆ ವೇಗ, ಬೇರಿಂಗು ಗೇರುಗಳಿಗೆ ರಭಸ, ಹೀಗೆ ಆಯ್ದುಕೊಳ್ಳಬೇಕು. ಎಲ್ಲರೂ ನೋಡುವ ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಅನ್ನುವುದು ವೇಗದ ಅಳತೆ. ಈಗ ಬೇರಿಂಗಿನಲ್ಲಿ 5000 ಹರ್ಟ್ಜ್‌ನ ಅರ್ಧ ಜಿ ರಭಸದ ಅದುರು ಎದ್ದಿದೆ ಅನ್ನಿ (ಕೈಬಿಟ್ಟ ಕಲ್ಲಿನ ವೇಗ ಏರುವ ರಭಸವೇ ಒಂದು ಜಿ), ಹುಷಾರಾಗಬೇಕಾದ ಸುದ್ದಿ. ಅದನ್ನೇ ವೇಗಕ್ಕೆ ಬದಲಿಸಿದರೆ ಬರುವುದು ಸೆಕೆಂಡಿಗೆ 0.16 ಮಿ.ಮೀ. ಮೀಟರಿನಲ್ಲಿ 2.1 ಇದ್ದದ್ದು 2.1 ಆಗಿಯೇ ಉಳಿಯುತ್ತದೆ. "ರೀಡಿಂಗ್ ಸರಿಯಾಗೇ ಇತ್ತಲ್ಲ ಸರ್, ಆದ್ರೂ ಬೇರಿಂಗ್ ಹೋಯ್ತು" ಅನ್ನುವ ಗೋಳಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಎಷ್ಟಿದ್ದರೆ ಸರಿ ಅನ್ನುವುದಕ್ಕೆ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒದ ಪಟ್ಟಿ ಇದೆ. 10816ರ ಮೂರನೇ ಭಾಗ, ಈಗ ಅದರ ಜಾಗಕ್ಕೆ 20816 ಬಂದಿದೆ. 15ರಿಂದ 300 ಕಿಲೋವ್ಯಾಟಿನ ಮಷೀನು ಗಟ್ಟಿ ಫೌಂಡೇಶನ್ ಮೇಲಿದ್ದರೆ ಸೆಕೆಂಡಿಗೆ 1.4 ಮಿ.ಮೀ. ಒಳಗೆ ಹೊಸದರ ಲಕ್ಷಣ, 2.8ರವರೆಗೆ ನಿಶ್ಚಿಂತೆ, 4.5ರವರೆಗೆ ಹೆಚ್ಚು ದಿನ ಓಡಿಸಬೇಡಿ, ಅದರ ಮೇಲೆ ಹೋದರೆ ಅಪಾಯ. ಗೋಡೆಗೆ ಅಂಟಿಸಿಕೊಳ್ಳಿ, ಒಳ್ಳೆಯದೇ. ಆದರೆ ನನ್ನ ಮಾತು ಕೇಳಿದರೆ ಈ ಪಟ್ಟಿಗಿಂತ ನಿಮ್ಮ ಮಷೀನಿನ ಹಿಂದಿನ ತಿಂಗಳ ಅಂಕಿ ದೊಡ್ಡದು. ವರ್ಷವಿಡೀ 1.1 ಇದ್ದ ಪಂಪು ಮೂರು ವಾರದಲ್ಲಿ 2.3ಕ್ಕೆ ಬಂದರೆ ಪಟ್ಟಿಯಲ್ಲಿ ಅದಿನ್ನೂ ನಿಶ್ಚಿಂತೆಯ ಮನೆಯಲ್ಲೇ ಇರುತ್ತದೆ. ನಾನಾದರೆ ಆ ಪಂಪಿನ ಪಕ್ಕ ಹೋಗಿ ನಿಲ್ಲುತ್ತೇನೆ. ಮೊದಲಿನಿಂದಲೂ 3.5ರಲ್ಲೇ ಅದುರುತ್ತಾ ಐದು ವರ್ಷ ಓಡಿದ ಹಳೇ ಫ್ಯಾನಿಗೆ ಅಷ್ಟು ಹೆದರುವುದಿಲ್ಲ.

ಹಿಂದಿನದಕ್ಕೆ ಹೋಲಿಸಬೇಕಾದರೆ ಅಳತೆ ಒಂದೇ ಥರ ಇರಬೇಕು. ಇದೇ ಕೆಲಸದ ಮುಕ್ಕಾಲು ಪಾಲು. ಅದೇ ಜಾಗ, ಅದೇ ದಿಕ್ಕು, ಅದೇ ವೇಗ, ಅದೇ ಲೋಡು. ಬೇರಿಂಗ್ ಮನೆಯ ಮೇಲೆ ಪೇಂಟ್ ಕೆರೆದು ಸಣ್ಣ ಲೋಹದ ಪ್ಯಾಡ್ ಅಂಟಿಸಿ, ಸೆನ್ಸರಿನ ಮ್ಯಾಗ್ನೆಟ್ ಅಲ್ಲೇ ಕೂರಬೇಕು. ತೆಳ್ಳನೆ ತಗಡಿನ ಗಾರ್ಡ್ ಮೇಲೆ ಮ್ಯಾಗ್ನೆಟ್ ಇಟ್ಟು ಅಳೆದು ತಂದ ಅಂಕಿಗಳನ್ನು ನಾನು ನೋಡಿದ್ದೇನೆ, ಅದು ಗಾರ್ಡಿನ ಅಂಕಿ, ಮಷೀನಿನದ್ದಲ್ಲ. ಕೈಯಲ್ಲಿ ಒತ್ತಿ ಹಿಡಿದರೆ ಮೇಲಿನ ಸ್ವರಗಳು ಕಳೆದುಹೋಗುತ್ತವೆ. ತೂತು ಕೊರೆದು ಸೆನ್ಸರನ್ನು ಸ್ಟಡ್ಡಿನಿಂದ (ತಿರುಪಿನಿಂದ) ಬಿಗಿದರೆ ಎಲ್ಲಕ್ಕಿಂತ ಒಳ್ಳೆಯದು. ಫೋನಿನ ಆ್ಯಪ್‌ನಲ್ಲಿ ಆಗಲ್ವಾ ಅಂತ ಹುಡುಗರು ಕೇಳುತ್ತಾರೆ. ಫೋನಿನ ಒಳಗೂ ಸೆನ್ಸರ್ ಇದೆ ನಿಜ. ಆದರೆ ಅದು ಸಾಮಾನ್ಯವಾಗಿ ಸೆಕೆಂಡಿಗೆ ಕೆಲವು ನೂರು ಸಲ ಮಾತ್ರ ನೋಡುತ್ತದೆ, ಮತ್ತೆ ಎಷ್ಟು ಸಲ ನೋಡುತ್ತದೋ ಅದರ ಅರ್ಧಕ್ಕಿಂತ ಮೇಲಿನ ಸ್ವರ ಅದಕ್ಕೆ ಸಿಗುವುದಿಲ್ಲ. ಬ್ಯಾಲೆನ್ಸ್ ಹೋಗಿರುವುದು ಗೊತ್ತಾದೀತು, ಬೇರಿಂಗಿನ ಪಿಸುಮಾತು ಗೊತ್ತಾಗದು.

ಇಷ್ಟೆಲ್ಲ ಯಾಕೆ, ಆರು ತಿಂಗಳಿಗೊಮ್ಮೆ ಎಲ್ಲ ಬೇರಿಂಗ್ ಬದಲಾಯಿಸಿಬಿಟ್ಟರೆ ಆಗಲಿಲ್ಲವಾ? ಮ್ಯಾನೇಜ್‌ಮೆಂಟಿನವರು ಕೇಳುವ ಪ್ರಶ್ನೆ ಇದು, ಕೇಳುವುದು ತಪ್ಪೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡ್ (ಕಡಲು ಕಾಯುವ ವಾಯುಪಡೆ) ವಿಮಾನಗಳ ಲೆಕ್ಕ ನೋಡಿದ ವಿಜ್ಞಾನಿ ವಾಡಿಂಗ್ಟನ್ ಮತ್ತು ಜೊತೆಯವರಿಗೆ ಒಂದು ವಿಚಿತ್ರ ಕಂಡಿತು. 50 ಗಂಟೆಗೊಮ್ಮೆ ಮಾಡುವ ತಪಾಸಣೆ ಮುಗಿದ ಕೂಡಲೇ ರಿಪೇರಿ ಜಾಸ್ತಿಯಾಗುತ್ತಿತ್ತು, ದಿನ ಕಳೆದಂತೆ ಕಡಿಮೆಯಾಗುತ್ತಿತ್ತು. ಚೆನ್ನಾಗಿದ್ದದ್ದನ್ನು ಬಿಚ್ಚಿ ಕೆಡಿಸುತ್ತಿದ್ದರು. 1978ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸಿನ ನೌಲನ್ ಮತ್ತು ಹೀಪ್ ತಮ್ಮ ವರದಿಯಲ್ಲಿ ಇನ್ನೂ ಸ್ಪಷ್ಟವಾಗಿ ಬರೆದರು: ಅವರು ನೋಡಿದ ವಿಮಾನದ ಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಲಕ್ಷಣ ತೋರಿಸಿದ್ದು 11 ಶೇಕಡಾ ಮಾತ್ರ. ಬೇರಿಂಗ್ ಕಂಪನಿಯವರು ಕೊಡುವ ಆಯುಸ್ಸಿನ ಅರ್ಥವೂ ಹೀಗೇ ಇದೆ. ಅಷ್ಟು ಗಂಟೆಗೆ ನೂರರಲ್ಲಿ 10 ಬೇರಿಂಗ್ ಹೋಗಿರುತ್ತವೆ, 90 ಇನ್ನೂ ಓಡುತ್ತಿರುತ್ತವೆ ಅಂತ. ತಾರೀಖು ನೋಡಿ ಬದಲಿಸಿದರೆ ಆ 90ನ್ನೂ ಎಸೆಯುತ್ತೀರಿ, ಜೊತೆಗೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಹೊಸದೊಂದು ಮೊದಲ ವಾರವೇ ಕೈಕೊಡುತ್ತದೆ.

ಹಾಗಂತ ಎಲ್ಲದಕ್ಕೂ ಸೆನ್ಸರ್ ಬೇಡ. ಸ್ಟ್ಯಾಂಡ್‌ಬೈ ಇರುವ, ಅರ್ಧ ಗಂಟೆಯಲ್ಲಿ ಬದಲಿಸಬಹುದಾದ ಸಣ್ಣ ಪಂಪು ಕೆಟ್ಟ ಮೇಲೇ ಬದಲಿಸಿ, ಏನೂ ಆಗುವುದಿಲ್ಲ. ಕಬ್ಬು ಅರೆಯುವ ಉರುಳೆಗಳು ನಿಮಿಷಕ್ಕೆ ನಾಲ್ಕೈದು ಸುತ್ತು ತಿರುಗುತ್ತವೆ, ಗುಂಡುಗಳಿಲ್ಲದ ಗನ್‌ಮೆಟಲ್ (ಒಂದು ಬಗೆಯ ಕಂಚು) ಬೇರಿಂಗ್ ಮೇಲೆ. ಅಲ್ಲಿ ವೈಬ್ರೇಷನ್ ಮೀಟರ್ ಹಿಡಿದು ಕೂರುವುದಕ್ಕಿಂತ ಬಿಸಿ ನೋಡುವುದು, ಎಣ್ಣೆ ನೋಡುವುದು ಮೇಲು. ಸ್ಟ್ಯಾಂಡ್‌ಬೈ ಅಂದಾಗ ನೆನಪಾಯಿತು, ತಿಂಗಳುಗಟ್ಟಲೆ ನಿಲ್ಲಿಸಿದ ಪಂಪು ಪಕ್ಕದ ಓಡುವ ಪಂಪಿನ ಅದುರಿಗೇ ಹಾಳಾಗುತ್ತದೆ. ಗುಂಡುಗಳು ಒಂದೇ ಜಾಗದಲ್ಲಿ ಕೂತು ಕುಟ್ಟಿಸಿಕೊಂಡು ಬಳೆಯಲ್ಲಿ ಸಾಲಾಗಿ ಗುಳಿ ಬೀಳುತ್ತವೆ. ಚಾಲೂ ಮಾಡಿದ ದಿನವೇ ಗರಗರ. ಅದಕ್ಕೇ ವಾರಕ್ಕೊಮ್ಮೆ ಸರದಿ ಬದಲಿಸಬೇಕು, ಅಥವಾ ಶಾಫ್ಟನ್ನು ಕೈಯಲ್ಲಾದರೂ ತಿರುಗಿಸಬೇಕು.

ಅಂಕಿಯ ಇನ್ನೊಂದು ಮೋಸ ಹೇಳಿಬಿಡುತ್ತೇನೆ. ಬೇರಿಂಗ್ ಕೆಡುತ್ತಾ ಕೆಡುತ್ತಾ ಎತ್ತರದ ಸ್ವರಗಳು ಏರುತ್ತವೆ, ಸರಿ. ಆದರೆ ಕೊನೆಯ ಹಂತದಲ್ಲಿ ಎಷ್ಟೋ ಸಲ ಅವು ಇಳಿಯುತ್ತವೆ. ಗುಳಿಯ ಚೂಪು ಅಂಚು ಸವೆದು ನುಣ್ಣಗಾಗಿರುತ್ತದೆ, ಟಕ್ ಮೆತ್ತಗಾಗುತ್ತದೆ. ಗ್ರೀಸ್ ಹೊಡೆದೆವು, ರೀಡಿಂಗ್ ಇಳಿಯಿತು ಅಂತ ಖುಷಿಪಡುವವರು ಒಂದೆರಡು ದಿನ ಬಿಟ್ಟು ಮತ್ತೆ ಅಳೆಯಲಿ. ಗ್ರೀಸ್ ಸಾಲದೇ ಏರಿದ್ದದ್ದಾದರೆ ಕೆಳಗೇ ಉಳಿಯುತ್ತದೆ, ಬೇರಿಂಗೇ ಕೆಟ್ಟಿದ್ದರೆ ಮತ್ತೆ ಏರುತ್ತದೆ.

ಅಳೆದದ್ದಾಯಿತು, ಅಂಕಿ ಏರಿದ್ದೂ ಕಂಡಿತು. ಆಮೇಲೆ? 2009ರ ಆಗಸ್ಟ್ 17ರಂದು ಸೈಬೀರಿಯಾದ ಯೆನಿಸೈ ನದಿಯ ಮೇಲಿರುವ ಸಯಾನೊ-ಶುಶೆನ್ಸ್ಕಯಾ ಜಲವಿದ್ಯುತ್ ಕೇಂದ್ರದ ಎರಡನೇ ಟರ್ಬೈನ್ ಮುಚ್ಚಳ ಕಿತ್ತುಕೊಂಡು, ನೂರಾರು ಟನ್ ತೂಕದ ರೋಟರ್ ಸಮೇತ ಮೇಲೆದ್ದಿತು. ನೀರು ನುಗ್ಗಿ 75 ಜನ ಸತ್ತರು. ಮುಚ್ಚಳ ಹಿಡಿದಿದ್ದ ಬೋಲ್ಟುಗಳು ಅದುರಿ ಅದುರಿ ದಣಿದು ತುಂಡಾಗಿದ್ದವು. ಅಧಿಕೃತ ತನಿಖಾ ವರದಿಯ ಪ್ರಕಾರ ಟರ್ಬೈನ್ ಬೇರಿಂಗಿನ ಅದುರು 160 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಮಿತಿ ದಾಟಿ 840ಕ್ಕೆ ಹೋಗಿತ್ತು. ಅಷ್ಟಾದರೂ ಅದನ್ನು ನಿಲ್ಲಿಸಿರಲಿಲ್ಲ. ಇಂಥದ್ದು ಓದಿದಾಗ ನನಗೆ ನನ್ನ "ಭಾನುವಾರದವರೆಗೆ ಓಡಲಿ" ನೆನಪಾಗುತ್ತದೆ. ಹಾಗಾಗಿ ಸೆನ್ಸರ್ ಮಾರಲು ಬಂದವರ ಮುಂದೆ ಕೂತಾಗ ನಾನು ಮೊದಲು ಕೇಳುವುದು ನಮ್ಮವರನ್ನೇ: ರಾತ್ರಿ ಎರಡಕ್ಕೆ ಅಂಕಿ ಸೆಕೆಂಡಿಗೆ 7 ಮಿ.ಮೀ. ದಾಟಿದರೆ ಮಷೀನು ನಿಲ್ಲಿಸುವ ಅಧಿಕಾರ ಯಾರಿಗಿದೆ? ಶಿಫ್ಟ್ ಎಂಜಿನಿಯರ್ ಯಾರನ್ನೂ ಕೇಳದೆ ನಿಲ್ಲಿಸಬಹುದಾ? ಇದಕ್ಕೆ ಉತ್ತರ ಇಲ್ಲದ ಕಡೆ ಗಂಟೆಗೊಮ್ಮೆ ಮೆಸೇಜ್ ಕಳಿಸುವ ವೈರ್‌ಲೆಸ್ ಸೆನ್ಸರುಗಳು ಸುಮ್ನೆ ಬ್ಯಾಟರಿ ಖಾಲಿ ಮಾಡುತ್ತವೆ. ಮೂರನೇ ತಿಂಗಳಿಗೆ ಆ ಮೆಸೇಜುಗಳನ್ನು ಯಾರೂ ಓದುವುದೂ ಇಲ್ಲ.

ನಾವು ಮುಂದಿನ ಸೀಸನ್ನಿಗೆ ಮಾಡಿದ್ದು ದೊಡ್ಡದೇನಲ್ಲ. ಒಂದು ಕೈಮೀಟರ್, ಹದಿನಾಲ್ಕು ಮಷೀನು, ವಾರಕ್ಕೊಂದು ಸುತ್ತು, ಒಂದು ರಿಜಿಸ್ಟರ್. ಐಡಿ ಫ್ಯಾನಿಗೆ ಮಾತ್ರ ದಿನಾ. ನವೆಂಬರಿನಲ್ಲಿ 1.8 ಇತ್ತು. ಡಿಸೆಂಬರ್ ಪೂರ್ತಿ 1.9, 2.0. ಜನವರಿ ಎರಡನೇ ವಾರ ಒಂದೇ ರಾತ್ರಿಯಲ್ಲಿ 3.6. ಎಫ್‌ಎಫ್‌ಟಿ ನೋಡಿದರೆ 16.5ರಲ್ಲಿ ಒಂದೇ ಒಂದು ಉದ್ದನೆಯ ಕಂಬ, ಬೇರೆಲ್ಲ ಮಲಗಿದೆ, ಬೇರಿಂಗ್ ಕಡೆ ಸದ್ದಿಲ್ಲ. ಹಾಗಾದರೆ ಬೂದಿ. ಎರಡು ದಿನ ಬಿಟ್ಟು ಹೇಗೂ ಕ್ಲೀನಿಂಗಿಗೆ ಮಿಲ್ಲು ನಿಲ್ಲುವುದಿತ್ತು. 4.5 ದಾಟಿದರೆ ಆ ಕ್ಷಣವೇ ನಿಲ್ಲಿಸುವುದು ಅಂತ ಬರೆದು ಸಹಿ ಮಾಡಿ, ನಾಲ್ಕು ಗಂಟೆಗೊಮ್ಮೆ ಅಳೆಯುತ್ತಾ ಓಡಿಸಿದೆವು. ಹೊರಗಿನಿಂದ ಬಂದ ಹುಡುಗನೊಬ್ಬ ಬ್ಯಾಲೆನ್ಸಿಂಗ್ ಮಷೀನು ತರಲಾ ಅಂದ. ಮೊದಲು ತೊಳೆಯೋಣ ಅಂದೆವು. ಕೊಳೆ ಇದ್ದ ಫ್ಯಾನಿಗೆ ತೂಕ ಕಟ್ಟಿ ಬ್ಯಾಲೆನ್ಸ್ ಮಾಡಿದರೆ, ನಾಳೆ ಇನ್ನೊಂದು ಹಕ್ಕಳೆ ಬಿದ್ದಾಗ ಕಟ್ಟಿದ ತೂಕವೇ ಶತ್ರು.

ಬಾಗಿಲು ತೆಗೆದು ಇಬ್ಬರು ಒಳಗಿಳಿದು ರೆಕ್ಕೆ ಕೆರೆದರು. ಎರಡು ಬುಟ್ಟಿ ಬೂದಿ ಬಂತು. ಮತ್ತೆ ಚಾಲೂ ಮಾಡಿ ಲೋಡ್ ತಗೊಂಡ ಮೇಲೆ ಮೀಟರ್ ಇಟ್ಟೆ, 1.7. ಕಾಕಾ ಬೇರಿಂಗ್ ಮನೆಯ ಮೇಲೆ ಸೀಮೆಸುಣ್ಣದಲ್ಲಿ 1.7 ಅಂತ ಬರೆದು, ಪಕ್ಕದಲ್ಲಿ ತಾರೀಖು ಹಾಕಿ, ಆಮೇಲೆ ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದರು. ಮೀಟರಿನಲ್ಲೇ ಬಂತಲ್ಲ ಕಾಕಾ ಅಂದೆ. "ನಿಮ್ದು ನೀವ್ ನೋಡಿದ್ರಿ, ನಂದು ನಾ ನೋಡ್ತೀನಿ ತಡೀರಿ" ಅಂತ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.